ನಲ್ಲಿಯ ರಗಳೆ

ನಮ್ಮ ಮನೆಯಲ್ಲಿ ನಲ್ಲಿ ರಿಪೇರಿಯಾಗುವ ದಿನ ನಾನು ಜಗಲಿಯಲ್ಲಿರಬೇಕು. ಇದು ನಲವತ್ತು ವರ್ಷಗಳಿಂದ ಜಾರಿಯಲ್ಲಿರುವ ಕಾನೂನು. ಮೊನ್ನೆ ಅಡುಗೆಮನೆಯ ನಲ್ಲಿ ಸೋರತೊಡಗಿತು. ಪ್ಲಂಬರ್ ಬಂದು ಅದರ ಹೊಟ್ಟೆಯೊಳಗಿಂದ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ವಸ್ತುವೊಂದನ್ನು ಎಳೆದು ತೆಗೆದ. ಕಾರ್ಟ್ರಿಜ್ ಸವೆದಿದೆ, ಹೊಸತು ಹಾಕಿದರಾಯಿತು, ಐದು ನಿಮಿಷದ ಕೆಲಸ, ಬೇಕಾದರೆ ನೀವೇ ಮಾಡಿಕೊಳ್ಳಬಹುದು ಎಂದು ನನ್ನತ್ತ ನೋಡಿ ಹೇಳಿದ. ನಾನು ಒಂದು ಹೆಜ್ಜೆ ಮುಂದಿಟ್ಟೆ, ಅಷ್ಟೆ. ನನ್ನ ಹೆಂಡತಿ ಶಾರದೆ ಚಹಾದ ಲೋಟವನ್ನು ಅವನ ಕೈಗೆ ಕೊಡುತ್ತಾ, "ಅವರಿಗೆ ಹಾಗೆಲ್ಲ ಹೇಳ್ಬೇಡಿ" ಎಂದಳು. ಸುಮ್ಮನೆ ಜಗಲಿಯ ಕಡೆ ನೋಡಿದಳು. ನಾನು ಹೋಗಿ ಕೂತೆ.

ತಪ್ಪು ಪೂರ್ತಿ ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕಡಬದ ಹತ್ತಿರ ನಾನು ಹುಟ್ಟಿ ಬೆಳೆದ ಮನೆಯಲ್ಲಿ ನಲ್ಲಿ ಎಂಬುದೇ ಇರಲಿಲ್ಲ. ಗುಡ್ಡದ ಒರತೆಯಿಂದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿದು ಬಂದು ಬಚ್ಚಲ ಹೊರಗಿನ ಕಲ್ಲಿನ ಮೇಲೆ ಬೀಳುತ್ತಿತ್ತು. ಹಗಲೂ ಬೀಳುತ್ತಿತ್ತು, ರಾತ್ರಿಯೂ ಬೀಳುತ್ತಿತ್ತು. ಅದನ್ನು ನಿಲ್ಲಿಸಬಹುದು ಎಂದು ಯಾರಿಗೂ ತೋಚಿರಲಿಲ್ಲ. ನಿಲ್ಲಿಸಿದರೆ ಅದು ಎಲ್ಲಿಗೆ ಹೋಗಬೇಕು, ಪಾಪ.

ಹಾಗಾಗಿ ಏಳೋ ಎಂಟೋ ವರ್ಷದವನಿದ್ದಾಗ ಅಪ್ಪ ನನ್ನನ್ನು ಪುತ್ತೂರಿಗೆ ಕರೆದುಕೊಂಡು ಹೋಗಿ ಹೋಟೆಲೊಂದರಲ್ಲಿ ಕೈ ತೊಳೆದು ಬಾ ಎಂದು ಕಳಿಸಿದಾಗ, ನಾನು ಅಲ್ಲಿದ್ದ ಹಿತ್ತಾಳೆಯ ಕಿವಿಯನ್ನು ಹಿಂಡಿದೆ. ನೀರು ಬಂತು. ಕೈ ತೊಳೆದೆ, ಬಂದು ಕೂತೆ. ಮತ್ತೊಮ್ಮೆ ಹಿಂಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡನೆಯ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುವಾಗ ಕಾಲಿನ ಅಡಿಗೆ ತಣ್ಣಗಾಯಿತು. ಹೋಟೆಲಿನ ಯಜಮಾನರು ಪಂಚೆ ಎತ್ತಿ ಹಿಡಿದುಕೊಂಡು ನಡುವೆ ನಿಂತು, ಈ ಹುಡುಗ ಯಾರ ಮಗ ಎಂದು ಎಲ್ಲರನ್ನೂ ಕೇಳಿದರು. ಅಪ್ಪ ಚಹಾ ಕುಡಿಯುತ್ತಾ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಬಸ್ಸು ಹತ್ತಿದ ಮೇಲೆಯೇ ಅವರು ನನ್ನನ್ನು ಮಗನೆಂದು ಮತ್ತೆ ಒಪ್ಪಿಕೊಂಡದ್ದು.

ಇಂಥವನು ದೊಡ್ಡವನಾಗಿ ಕನ್ನಡ ಪಂಡಿತನಾದೆ. ಸುಳ್ಯದ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನ್ನ ಮದುವೆಯಾಗಿ ಆರು ತಿಂಗಳಾಗಿತ್ತು. ಶಾರದೆ ಪುತ್ತೂರಿನ ಕಡೆಯವಳು. ಅವಳ ತವರಿನಲ್ಲಿ ಎಂಟು ಕೋಲು ಆಳದ ಬಾವಿಯಿಂದ ನೀರು ಸೇದಿ ಸೇದಿ ಅವಳ ಅಂಗೈ ಗಟ್ಟಿಯಾಗಿತ್ತು. ಸುಳ್ಯದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಅವಳು ಕೋಣೆ ನೋಡಲಿಲ್ಲ, ಕಿಟಕಿ ನೋಡಲಿಲ್ಲ. ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು, ನೀರು ಬಂತು, ಹೊರಗೆ ಬಂದು ಈ ಮನೆ ಆಗಬಹುದು ಎಂದಳು. ತವರಿಗೆ ಬರೆದ ಮೊದಲ ಕಾಗದದಲ್ಲಿ ನಲ್ಲಿಯ ಬಗ್ಗೆ ಎರಡು ಪುಟ ಇತ್ತು. ನಾನು ಕ್ಷೇಮ ಎಂಬುದು ಕೊನೆಯ ಸಾಲಿನಲ್ಲಿತ್ತು.

ಮನೆಯ ಯಜಮಾನರು ಕುಶಾಲಪ್ಪ ಗೌಡರು. ಆಲೆಟ್ಟಿಯಲ್ಲಿ ತೋಟ ಇದ್ದವರು, ಮಗಳ ಓದಿಗೆಂದು ಪೇಟೆಯಲ್ಲಿ ಮನೆ ಕಟ್ಟಿಸಿ, ಅದರ ಒಂದು ಪಾಲನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಅವರು, ಅವರ ಹೆಂಡತಿ ದೇವಕಿಯಕ್ಕ, ಒಬ್ಬಳೇ ಮಗಳು ಹೇಮಾವತಿ. ತಮ್ಮತಮ್ಮೊಳಗೆ ಅರೆಭಾಷೆ ಮಾತಾಡಿಕೊಳ್ಳುವರು, ನಮ್ಮೊಡನೆ ಕನ್ನಡ. ಹೇಮಾವತಿ ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸದ ಆದೇಶಕ್ಕಾಗಿ ಕಾಯುತ್ತಿದ್ದಳು. ಮಾತು ಕಡಿಮೆ. ಆದರೆ ಮನೆಯ ಫ್ಯೂಸು ಹೋದರೆ ತಂತಿ ಕಟ್ಟುವವಳು ಅವಳೇ, ಪಂಪು ಕೆಮ್ಮಿದರೆ ಹೋಗಿ ನೋಡುವವಳು ಅವಳೇ. ಇದನ್ನು ನಾನು ದಿನಾ ಕಣ್ಣಾರೆ ಕಂಡಿದ್ದೆ. ಕಂಡದ್ದರಿಂದ ಬುದ್ಧಿ ಬರಬೇಕಾಗಿತ್ತು.

ಎರಡು ಪಾಲಿಗೂ ಸೇರಿ ಅವರ ತಾರಸಿಯ ಮೇಲೆ ಒಂದೇ ಸಿಮೆಂಟಿನ ಟಾಂಕಿ. ಬಾವಿಯಿಂದ ಪಂಪು ಹಾಕಿ ಅದನ್ನು ತುಂಬಿಸಿದರೆ ಎರಡು ಮನೆಗೆ ಒಂದು ದಿನ.

ನಮ್ಮ ಬಚ್ಚಲಿನ ನಲ್ಲಿ ದೀಪಾವಳಿ ಕಳೆದ ಮೇಲೆ ಹನಿಯಲು ಶುರುಮಾಡಿತು. ಮೊದಮೊದಲು ನನಗೆ ಬೇಸರವಾಗಲಿಲ್ಲ. ಒಂಬತ್ತನೇ ತರಗತಿಗೆ ಛಂದಸ್ಸು ಪಾಠ ಮಾಡುವ ದಿನಗಳು ಅವು. ಉತ್ತರಪತ್ರಿಕೆ ತಿದ್ದುತ್ತಾ ಕಿವಿಗೊಟ್ಟರೆ ಹನಿಗಳು ಮೂರು ನಾಲ್ಕು, ಮೂರು ನಾಲ್ಕು ಎಂದು ಗಣ ವಿಭಾಗ ಮಾಡಿಕೊಂಡೇ ಬೀಳುತ್ತಿದ್ದವು. ಅಪ್ಪಟ ಭಾಮಿನಿ ಷಟ್ಪದಿ. ಶಾರದೆಯನ್ನು ಕರೆದು ಕೇಳಿಸಿದೆ. ಅವಳು ಕೊಡಪಾನ ತಂದು ಕೆಳಗಿಟ್ಟಳು. ಎರಡು ವಾರದಲ್ಲಿ ಷಟ್ಪದಿ ಹದಗೆಟ್ಟು, ಹನಿಗೂ ಹನಿಗೂ ನಡುವೆ ಬಿಡುವೇ ಇಲ್ಲದಂತಾಯಿತು. ಇಷ್ಟೇ ಪಾದ ಎಂಬ ಮಿತಿಯಿಲ್ಲದೆ ಎಷ್ಟು ಬೇಕಾದರೂ ಹರಿಯುವ ಛಂದಸ್ಸಿಗೆ ನಮ್ಮಲ್ಲಿ ರಗಳೆ ಎಂದೇ ಹೆಸರು. ಮನೆಯಲ್ಲಿಯೂ ಅದೇ ಹೆಸರಾಯಿತು.

ಸುಳ್ಯದಲ್ಲಿ ಆಗ ನಮಗೆ ಗೊತ್ತಿದ್ದ ಪ್ಲಂಬರ್ ಒಬ್ಬನೇ, ಮೋನಪ್ಪ. ದೊಡ್ಡ ದೊಡ್ಡ ತೋಟಗಳ ಪಂಪ್‌ಸೆಟ್ಟುಗಳನ್ನು ನೋಡಿಕೊಳ್ಳುವವನು. ನಾನು ನಾಲ್ಕು ಸಲ ಹೋಗಿ ಕರೆದೆ. ನಾಲ್ಕನೆಯ ಸಲ ಅವನು ತಾಳ್ಮೆಯಿಂದ ನನಗೆ ತಿಳಿಸಿ ಹೇಳಿದ. "ನೀರು ಬರುದಿಲ್ಲ ಅಂತಾದ್ರೆ ಹೇಳಿ ಮಾಷ್ಟ್ರೆ, ಎದ್ದು ಬರ್ತೇನೆ. ನಿಮ್ಮಲ್ಲಿ ಬರ್ತಾ ಉಂಟಲ್ಲ?"

ನಾನೇ ಮಾಡುತ್ತೇನೆ ಎಂದು ಆ ದಿನ ಸಂಜೆ ಶಾರದೆಗೆ ಹೇಳಿದೆ. ಬರುತ್ತದಾ ಎಂದು ಅವಳು ಕೇಳಿದಳು. ಅದರಲ್ಲಿ ಬರಲಿಕ್ಕೆ ಏನುಂಟು ಎಂದೆ. ಮದುವೆಯಾಗಿ ವರ್ಷ ತುಂಬದ ಗಂಡಸು ಬೇರೇನು ಹೇಳಬಲ್ಲ?

ಹಾರ್ಡ್‌ವೇರ್ ಅಂಗಡಿಯ ಇದ್ದಿನಬ್ಬ ಸಾಹೇಬರು ಒಳ್ಳೆಯ ಮನುಷ್ಯ. ವಾಶರ್ ಬೇಕು ಎಂದಾಗ ಅರ್ಧ ಇಂಚಿನದಾ ಮುಕ್ಕಾಲಾ ಎಂದು ಕೇಳಿದರು. ಸಾಧಾರಣದ್ದು ಎಂದೆ. ಅವರು ನನ್ನ ಮುಖ ನೋಡಿ ಎರಡು ನಮೂನೆಯದನ್ನೂ ಕಾಗದದಲ್ಲಿ ಕಟ್ಟಿಕೊಟ್ಟರು. ಹೊರಡುವಾಗ ಕರೆದು, "ಮೊದಲು ಗೇಟ್ ವಾಲ್ ಬಂದ್ ಮಾಡ್ಬೇಕು ಮಾಷ್ಟ್ರೆ, ಅದು ಮಾಡದೆ ನಲ್ಲಿಗೆ ಕೈ ಹಾಕ್ಬೇಡಿ" ಎಂದರು. ವಾಲ್ ಎಂಬ ಶಬ್ದವನ್ನು ಲಾರಿಯೊಂದರ ಹಾರ್ನು ನುಂಗಿತು. ನನ್ನ ಕಿವಿಗೆ ಬಿದ್ದದ್ದು ಗೇಟು ಬಂದ್ ಮಾಡಬೇಕು ಎಂದು ಮಾತ್ರ. ಅದು ಬಹಳ ತೂಕದ ಮಾತಾಗಿ ಕಂಡಿತು. ಬೀದಿಯ ದನಗಳು ಗೇಟು ದೂಡಿಕೊಂಡು ಒಳಗೆ ಬರುವುದಿತ್ತು. ಕೆಲಸದ ನಡುವೆ ದನ ಓಡಿಸಲು ಏಳಬೇಕಾದರೆ ಏಕಾಗ್ರತೆ ಹಾಳು. ಅನುಭವಸ್ಥರ ಮಾತೇ ಬೇರೆ ಎಂದುಕೊಂಡೆ.

ಆ ಭಾನುವಾರ ಹೇಮಾವತಿಯನ್ನು ನೋಡಲು ಗುತ್ತಿಗಾರಿನಿಂದ ಗಂಡಿನ ಕಡೆಯವರು ಬರುವುದಿತ್ತು. ಅದಕ್ಕೂ ಮೊದಲು ಎರಡು ಸಂಬಂಧ ಬಂದು ನೋಡಿ ಹೋಗಿ ಸುದ್ದಿಯಿಲ್ಲದೆ ಮುಗಿದಿದ್ದವು. ಹುಡುಗಿ ನೆಲ ನೋಡಿಕೊಂಡು ಕೂರುವುದಿಲ್ಲ, ನೇರ ಮುಖ ನೋಡುತ್ತಾಳೆ ಎಂದು ಯಾರೋ ಹೇಳಿದ್ದರಂತೆ. ಹಾಗಾಗಿ ದೇವಕಿಯಕ್ಕನಿಗೆ ಈ ಸಲ ಎದೆ ಡವಡವ. ಬೆಳಿಗ್ಗೆಯೇ ನಮ್ಮ ಎರಡು ಕುರ್ಚಿ ಅಲ್ಲಿಗೆ ಹೋದವು, ಹಿಂದಿನಿಂದ ಶೀರ ಮಾಡಲು ಶಾರದೆಯೂ ಹೋದಳು. ಹೋಗುವಾಗ, ಇವತ್ತು ನಲ್ಲಿ ಮುಟ್ಟಬೇಡಿ ಎಂದು ಎರಡು ಸಲ ಹೇಳಿ ಹೋದಳು. ಗೌಡರು ಟಾಂಕಿ ತುಂಬಿಸಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಕರೆಂಟು ಹೋಯಿತು. ಹೋದರೆ ಸಂಜೆಯವರೆಗೆ ಬರುವ ಪದ್ಧತಿ ಇರಲಿಲ್ಲ.

ಅತಿಥಿಗಳು ಬರುವುದು ನಾಲ್ಕಕ್ಕೆ. ಎರಡೂವರೆಗೆ ಊಟ ಮುಗಿಸಿ ಒಬ್ಬನೇ ಕೂತಿದ್ದೆ. ಐದು ನಿಮಿಷದ ಕೆಲಸ, ಶಾರದೆ ವಾಪಸು ಬರುವಷ್ಟರಲ್ಲಿ ಮುಗಿಸಿಟ್ಟರೆ ಅವಳ ಮುಖ ಹೇಗಾಗಬಹುದು ಎಂದು ಯೋಚಿಸಿದೆ. ಆ ಮುಖ ನೋಡುವ ಆಸೆಯೇ ನನ್ನನ್ನು ಕೆಡಿಸಿದ್ದು.

ಮೊದಲು ಹೋಗಿ ಗೇಟು ಮುಚ್ಚಿದೆ. ಅಗಳಿ ಸಡಿಲವಿತ್ತು, ದನ ದೂಡಿದರೆ ತೆರೆಯುತ್ತದೆ. ತೆಂಗಿನ ಹುರಿಹಗ್ಗ ತಂದು ಸುತ್ತಿ ಸುತ್ತಿ ಏಳೆಂಟು ಗಂಟು ಹಾಕಿದೆ. ಮತ್ತೆ ಸೈಕಲ್ ಅಂಗಡಿಯಿಂದ ತಂದಿಟ್ಟಿದ್ದ ಸ್ಪ್ಯಾನರ್ ಹಿಡಿದು ಬಚ್ಚಲಿಗೆ ಹೋದೆ. ಅರ್ಧ ಗಂಟೆ ಬಲ ಹಾಕಿದೆ. ನಲ್ಲಿ ಅಲ್ಲಾಡಲಿಲ್ಲ. ಬಿಚ್ಚುವ ಬದಲು ಬಿಗಿಮಾಡುತ್ತಿದ್ದೆ ಎಂದು ಹೊಳೆದದ್ದು ತಡವಾಗಿ. ಕಾಲನ್ನು ಗೋಡೆಗೆ ಕೊಟ್ಟು ಆಚೆಗೆ ತಿರುಗಿಸಿದೆ. ಕಿರ್ ಎಂದಿತು. ಇನ್ನೊಂದು ಸುತ್ತು, ಇನ್ನೂ ಒಂದು.

ನಲ್ಲಿಯ ತಲೆ ನನ್ನ ಕಿವಿಯ ಪಕ್ಕದಿಂದ ಹಾರಿ ಹೋಗಿ ಹಂಡೆಗೆ ಬಡಿಯಿತು. ಅದರ ಹಿಂದೆಯೇ ನೀರು. ಕನ್ನಡಕ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೇ ತಡಕಾಡಿ ಬಾಯಿ ತೆರೆದ ಪೈಪಿಗೆ ಹೆಬ್ಬೆರಳು ತುರುಕಿದೆ. ಮುಂದಕ್ಕೆ ಬರುತ್ತಿದ್ದ ನೀರು ಈಗ ನಾಲ್ಕೂ ಕಡೆಗೆ ಚಿಮ್ಮಿತು. ಬೆರಳು ತೆಗೆದರೆ ಗೌಡರ ಟಾಂಕಿ ಖಾಲಿ, ಬಂದವರಿಗೆ ಕಾಲು ತೊಳೆಯಲು ನೀರಿಲ್ಲ, ಕುಡಿಯಲು ಬೆಲ್ಲ ನೀರಿಲ್ಲ. ತೆಗೆಯದಿದ್ದರೆ ಈ ಜನ್ಮ ಇಲ್ಲಿಯೇ. ಶಾರದೆಯನ್ನು ಕೂಗಿದೆ. ಪಕ್ಕದ ಮನೆಯಲ್ಲಿ ಕಾಯಿ ಕಡೆಯುವ ಕಲ್ಲಿನ ಸದ್ದು ನನ್ನ ಕೂಗಿಗಿಂತ ದೊಡ್ಡದಿತ್ತು. ಎಷ್ಟು ಹೊತ್ತು ಹಾಗೆ ಕುಕ್ಕರುಗಾಲಿನಲ್ಲಿ ಕೂತಿದ್ದೆನೋ, ಬೆರಳು ಮರಗಟ್ಟಿತು. ಕೊನೆಗೆ ಬಾಗಿಲಲ್ಲಿ ಸೀರೆಯ ಬಣ್ಣ ಕಂಡಿತು.

"ಬೇಗ ಬಾ ಮಾರಾಯ್ತಿ, ಬೆರಳು ಹೋಗ್ತದೆ" ಎಂದೆ.

"ಸರ್, ನಾನು ಹೇಮಾವತಿ."

ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ. ಅವರ ನಲ್ಲಿಯಲ್ಲಿ ನೀರು ಸಣ್ಣದಾದದ್ದು ಕಂಡು ಕಾರಣ ಹುಡುಕಿಕೊಂಡು ಬಂದಿದ್ದಳು. ಒಂದು ಕ್ಷಣ ನನ್ನನ್ನೂ ನನ್ನ ಬೆರಳನ್ನೂ ನೋಡಿ, ಗೇಟ್ ವಾಲ್ ಬಂದ್ ಮಾಡಲಿಲ್ಲವಾ ಎಂದು ಕೇಳಿದಳು. ಗೇಟು ಮಾಡಿದ್ದೇನೆ, ಹಗ್ಗ ಕೂಡ ಕಟ್ಟಿದ್ದೇನೆ ಎಂದೆ. ಹೇಮಾವತಿ ನಗಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ. "ಸ್ವಲ್ಪ ಹಿಡ್ಕೊಳ್ಳಿ" ಎಂದು ಹೇಳಿ ಹೋದಳು.

ಮುಂದಿನದನ್ನು ನಾನು ನೋಡಲಿಲ್ಲ, ಶಾರದೆ ಹೇಳಿ ಗೊತ್ತು. ಟಾಂಕಿಯ ಬುಡದಲ್ಲಿ ನೀರು ನಿಲ್ಲಿಸುವ ಚಕ್ರದಂಥದ್ದೊಂದು ಇತ್ತು, ಗೇಟ್ ವಾಲ್ ಎಂದರೆ ಅದು. ತಾರಸಿಗೆ ಮೆಟ್ಟಿಲಿರಲಿಲ್ಲ. ಹೇಮಾವತಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಅವಳು ಏಣಿಯ ನಡುವಿನಲ್ಲಿರುವಾಗ ಗುತ್ತಿಗಾರಿನ ಜೀಪು ಬಂದು ಗೇಟಿನ ಎದುರು ನಿಂತಿತು. ನಾಲ್ಕಕ್ಕೆ ಬರಬೇಕಾದವರು ಮೂರೂಕಾಲಿಗೆ ಬಂದಿದ್ದರು. ಜೀಪಿನಿಂದ ಇಳಿದವರು ಇಬ್ಬರು, ಹುಡುಗ ಜನಾರ್ದನ ಮತ್ತು ಅವನ ತಾಯಿ ಪೂವಮ್ಮ. ತಾವು ನೋಡಲು ಬಂದ ಹುಡುಗಿ ರೇಷ್ಮೆ ಸೀರೆಯಲ್ಲಿ ಏಣಿ ಹತ್ತುವುದನ್ನು ಅವರು ಗೇಟಿನ ಹೊರಗೆ ನಿಂತು ನೋಡಿದರು. ನೋಡದೆ ಬೇರೆ ದಾರಿಯಿರಲಿಲ್ಲ, ಎರಡು ಪಾಲಿಗೂ ಇದ್ದ ಒಂದೇ ಗೇಟಿಗೆ ನನ್ನ ಗಂಟು ಇತ್ತು.

ಗೌಡರು ಓಡಿ ಬಂದು ಗಂಟು ಬಿಚ್ಚಲು ನೋಡಿದರು. ಒಂದು ಬಿಚ್ಚಿದರೆ ಅದರ ಕೆಳಗೆ ಇನ್ನೊಂದು. ಬೆವರು ಒರೆಸಿಕೊಂಡು ಒಳಗೆ ಓಡಿದರು, ಕತ್ತಿ ಹಿಡಿದುಕೊಂಡು ಹೊರಗೆ ಓಡಿ ಬಂದರು. ಹೆಣ್ಣಿನ ತಂದೆ ಕತ್ತಿ ಹಿಡಿದು ತಮ್ಮತ್ತ ಓಡಿಬರುವುದನ್ನು ನೋಡಿ ಜೀಪಿನ ಡ್ರೈವರ್ ಮತ್ತೆ ಎಂಜಿನ್ ಚಾಲೂ ಮಾಡಿದನಂತೆ.

ಇಷ್ಟರಲ್ಲಿ ನನ್ನ ಬೆರಳಿನ ಅಡಿಯಲ್ಲಿ ನೀರು ನಿಂತಿತು. ಎದ್ದು ನಿಂತು ಕನ್ನಡಕ ಹುಡುಕಿದೆ. ಶಾರದೆ ಬಂದಳು. ಬಚ್ಚಲು ನೋಡಿದಳು, ನನ್ನನ್ನು ನೋಡಿದಳು, ಹೆಬ್ಬೆರಳಿಗೆ ಬಟ್ಟೆ ಸುತ್ತಿದಳು, ಒಣಗಿದ ಅಂಗಿ ಕೈಗೆ ಕೊಟ್ಟಳು. ಗೌಡರು ಮೊದಲೇ ನನ್ನನ್ನು ಕೇಳಿಕೊಂಡಿದ್ದರು, ಬಂದವರ ಹತ್ತಿರ ಮಾತಾಡಲು ಮಾಷ್ಟ್ರು ಒಬ್ಬರು ಬೇಕು ಎಂದು. ಹೋಗದೆ ನಿರ್ವಾಹ ಇರಲಿಲ್ಲ.

ಹೋಗಿ ಕೂತೆ. ಟಾಂಕಿಯಲ್ಲಿ ಉಳಿದ ನೀರು ಕೊಡಪಾನದಲ್ಲಿ ಬಂದಿತ್ತು, ಕಾಲು ತೊಳೆದಾಗಿತ್ತು. ಬೆಲ್ಲ ನೀರನ್ನು ಸಣ್ಣ ಲೋಟಗಳಲ್ಲಿ ಕೊಟ್ಟರು. ದೇವಕಿಯಕ್ಕ ನನ್ನ ಮುಂದಿನಿಂದ ಮೂರು ಸಲ ಹೋದರು, ಮೂರು ಸಲವೂ ಅಲ್ಲಿ ಬರೀ ಕುರ್ಚಿಯೊಂದೇ ಇದ್ದಂತೆ ಹೋದರು. ಜನಾರ್ದನ ಬಿಳಿ ಅಂಗಿಯ ತೆಳ್ಳಗಿನ ಹುಡುಗ, ಮಂಡಿಯ ಮೇಲೆ ಕೈಯಿಟ್ಟು ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ. ಪೂವಮ್ಮ ಲೋಟ ಕೆಳಗಿಟ್ಟು, ಹುಡುಗಿ ಮೇಲೆ ಹತ್ತಿ ಎಂತ ಮಾಡುತ್ತಾ ಇದ್ದದ್ದು ಎಂದು ಕೇಳಿದರು.

ಗೌಡರು ಕೆಮ್ಮಿದರು. ಬಿಸಿಲಿಗೆ ಹಪ್ಪಳ ಹಾಕಿತ್ತು, ತೆಗೆಯಲಿಕ್ಕೆ ಹೋದದ್ದು ಎಂದರು. ಆಗಲೇ ಹೇಮಾವತಿ ಶೀರದ ತಟ್ಟೆ ಹಿಡಿದು ಬಂದಳು. ಸೀರೆಯ ಸೆರಗಿನಲ್ಲಿ ಅಂಗೈಯಗಲದ ತುಕ್ಕಿನ ಕಲೆ.

"ಹಪ್ಪಳ ಅಲ್ಲ. ನೀರು ಬಂದ್ ಮಾಡ್ಲಿಕ್ಕೆ ಹೋದದ್ದು. ಸರ್‌ನವರ ಬಚ್ಚಲಿನ ನಲ್ಲಿ ಹಾರಿತ್ತು."

ಎಲ್ಲರೂ ನನ್ನ ಹೆಬ್ಬೆರಳು ನೋಡಿದರು. ನಾನು ಅದನ್ನು ಅಂಗಿಯ ಅಡಿಗೆ ಎಳೆದುಕೊಂಡೆ. ದೇವಕಿಯಕ್ಕ ಬಾಗಿಲ ಮರೆಯಲ್ಲಿ ಕಣ್ಣು ಮುಚ್ಚಿಕೊಂಡರು. ಮೂರನೆಯ ಸಂಬಂಧವೂ ಹೋಯಿತು, ನನ್ನಿಂದಲೇ ಹೋಯಿತು ಎಂದು ನನಗೂ ಅನಿಸಿತು.

ಪೂವಮ್ಮ ಮಾತ್ರ ಹುಡುಗಿಯ ಮುಖ ನೋಡುವುದು ಬಿಟ್ಟು ಅವಳ ಕೈಯನ್ನು ನೋಡಿದರು. ವಾಲ್ ಗಟ್ಟಿ ಕೂತಿತ್ತಾ ಎಂದು ಕೇಳಿದರು. ಗಟ್ಟಿಯಿತ್ತು, ಬಟ್ಟೆ ಸುತ್ತಿ ತಿರುಗಿಸಿದೆ ಎಂದು ಹೇಮಾವತಿ ಹೇಳಿದಳು. ಆ ಮೇಲೆ ಪೂವಮ್ಮ ಗೌಡರ ಕಡೆ ತಿರುಗಿ ತಮ್ಮ ಕಷ್ಟ ಹೇಳಿಕೊಂಡರು. ಅವರ ತೋಟದ ಆಚೆ ಕಾಡು. ಆನೆ ಬಂದರೆ ಬಾಳೆ ತಿನ್ನುವುದಿರಲಿ, ಸರಿಯಾಗಿ ನೀರಿನ ಪೈಪಿನ ಮೇಲೆಯೇ ಕಾಲಿಟ್ಟು ಹೋಗುತ್ತದೆ. "ಇವ ಒಳ್ಳೆಯವ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪೈಪು ಒಡೆದ್ರೆ ಇವ ಮೂರು ದಿನ ಅದರ ಹತ್ತಿರ ನಿಂತು ನೋಡುದು." ಜನಾರ್ದನ ಕಿವಿಯವರೆಗೆ ಕೆಂಪಾದ. ನನಗೆ ಅವನ ಮೇಲೆ ಅಣ್ಣನ ಪ್ರೀತಿ ಉಕ್ಕಿತು.

ಹುಡುಗಿಯ ಹತ್ತಿರ ಏನಾದರೂ ಕೇಳಲಿಕ್ಕುಂಟಾ ಎಂದು ಗೌಡರು ಅವನನ್ನು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ.

"ನನಗೆ ಉಂಟು" ಎಂದಳು ಹೇಮಾವತಿ.

ಅವಳು ಅವನ ಮುಖವನ್ನೇ ನೋಡಿ ಕೇಳಿದಳು. "ನಿಮಗೆ ನಲ್ಲಿಗೆ ವಾಶರ್ ಹಾಕ್ಲಿಕ್ಕೆ ಗೊತ್ತುಂಟಾ?"

ಜನಾರ್ದನ ತಾಯಿಯನ್ನು ನೋಡಿದ. ಮತ್ತೆ, ಯಾಕೋ, ನನ್ನನ್ನು ನೋಡಿದ. "ಇಲ್ಲ" ಎಂದ. ಸ್ವಲ್ಪ ತಡೆದು, "ಯಾರಾದ್ರೂ ತೋರಿಸಿಕೊಟ್ರೆ ಕಲಿಯಬಹುದು" ಎಂದ.

ಹೇಮಾವತಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಅದು ಒಪ್ಪಿಗೆಯೋ ಬೇಡವೆಂದೋ ಯಾರಿಗೂ ಗೊತ್ತಾಗಲಿಲ್ಲ. ಜೀಪು ಹೋಯಿತು.

ಮರುದಿನ ಬೆಳಿಗ್ಗೆ ಅವಳು ಹಳೆ ಸೀರೆ ಉಟ್ಟುಕೊಂಡು ನಮ್ಮಲ್ಲಿಗೆ ಬಂದಳು. ಹಂಡೆಯ ಹಿಂದಿನಿಂದ ನಲ್ಲಿಯ ತಲೆ ಹೆಕ್ಕಿ ತಂದು, ನನ್ನ ಕಾಗದದ ಪೊಟ್ಟಣ ಬಿಚ್ಚಿ, ಅರ್ಧ ಇಂಚಿನ ವಾಶರ್ ಆರಿಸಿದಳು. ಹಳೆಯದು ಸವೆದು ಹಳೆ ಮೂರು ಕಾಸಿನ ನಾಣ್ಯದ ಹಾಗೆ ತೆಳ್ಳಗಾಗಿತ್ತು. ಅದನ್ನು ತೆಗೆದು ಹೊಸತು ಕೂರಿಸಿ ತಲೆ ತಿರುಗಿಸಿದಳು. ನಾನು ಗಡಿಯಾರ ನೋಡಿದೆ, ಐದು ನಿಮಿಷ ಕೂಡ ಆಗಿರಲಿಲ್ಲ. "ಮೊದಲೇ ಹೇಳಿದ್ರೆ ಬರ್ತಿದ್ದೆ ಸರ್" ಎಂದಳು. ಅಷ್ಟೇ. ಆ ಒಂದು ಮಾತಿನಲ್ಲಿ ಎಲ್ಲವೂ ಇತ್ತು.

ಮುಂದಿನ ಹತ್ತು ದಿನ ನಾನು ದೇವಕಿಯಕ್ಕನ ಕಣ್ಣಿಗೆ ಬೀಳದ ಹಾಗೆ ಹಿತ್ತಿಲ ದಾರಿಯಲ್ಲಿ ಶಾಲೆಗೆ ಹೋದೆ. ನೆರೆಮನೆಯ ಹೆಣ್ಣಿನ ಬದುಕಿಗೆ ಅಡ್ಡಬಂದವನು ತರಗತಿಯಲ್ಲಿ ನಿಂತು ಪರೋಪಕಾರದ ಪದ್ಯ ಹೇಗೆ ಓದುವುದು? ಮಕ್ಕಳು ಅರ್ಥ ಕೇಳಿದರೆ ನಾಳೆ ಹೇಳುತ್ತೇನೆ ಎನ್ನುತ್ತಿದ್ದೆ. ಹನ್ನೊಂದನೆಯ ದಿನ ಹಿತ್ತಿಲ ದಾರಿಯಲ್ಲೇ ಗೌಡರು ಎದುರಾದರು. ಕೈಯಲ್ಲಿ ಕಾಗದ. ಪೂವಮ್ಮನ ಕಡೆಯಿಂದ ಒಪ್ಪಿಗೆ ಬಂದಿತ್ತು. ಕೆಲಸದ ಆದೇಶ ಬಂದರೆ ಹುಡುಗಿ ಕೆಲಸಕ್ಕೆ ಹೋಗಬಹುದು ಎಂದೂ ಬರೆದಿದ್ದರು. ಗಂಡಿನ ಕಡೆಯವರು ಬಂದು ಹೋದ ಸಂಜೆಯೇ ಹೇಮಾವತಿ ತನಗೆ ಒಪ್ಪಿಗೆ ಎಂದು ತಾಯಿಗೆ ಹೇಳಿಯಾಗಿತ್ತಂತೆ.

ಯಾಕೆ ಒಪ್ಪಿದ್ದು ಎಂದು ಶಾರದೆ ಅವಳನ್ನು ಕೇಳಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದ ಗಂಡಸನ್ನು ತಾನು ನೋಡಿದ್ದು ಅದೇ ಮೊದಲು ಎಂದಳಂತೆ. ಅದನ್ನು ಶಾರದೆ ನನಗೆ ಎರಡು ಸಲ ಹೇಳಿದಳು. ಮೊದಲ ಸಲ ನನಗೆ ಅರ್ಥವಾಗಿರಲಿಲ್ಲ ಎಂದು ಅವಳಿಗನಿಸಿರಬೇಕು.

ಮದುವೆ ಮೇ ತಿಂಗಳಿನಲ್ಲಿ ಆಯಿತು. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಮದುಮಗ ಎಲ್ಲರನ್ನೂ ಮಾತಾಡಿಸುತ್ತಾ ಬಂದವನು ನನ್ನ ಪಕ್ಕ ಮಂಡಿಯೂರಿ ಕುಳಿತು, ಆಚೀಚೆ ನೋಡಿ, ದನಿ ತಗ್ಗಿಸಿದ. ಹೇಮಾವತಿ ಗುತ್ತಿಗಾರಿಗೆ ತರಬೇಕಾದ ಸಾಮಾನಿನ ಪಟ್ಟಿ ಮಾಡಿ ಕೊಟ್ಟಿದ್ದಾಳೆ, ಅದರಲ್ಲಿ ಒಂದು ಉಂಡೆ ನೂಲು ಅಂತ ಉಂಟು ಎಂದ. "ಪೈಪಿನ ತುದಿಯ ತಿರುಪಿಗೆ ನೂಲು ಸುತ್ತುದು ಎಂತಕ್ಕೆ ಸರ್? ಅವಳ ಹತ್ತಿರ ಕೇಳ್ಲಿಕ್ಕೆ ನಾಚಿಕೆ ಆಗ್ತದೆ."

ನನ್ನ ನಾಲಗೆಯ ತುದಿಗೆ ಆಗಷ್ಟೇ ಹೊಸೆದ ಒಂದು ವಿವರಣೆ ಬಂದೇ ಬಿಟ್ಟಿತ್ತು. ಒಳ್ಳೆಯ ವಿವರಣೆ, ಎರಡು ಉದಾಹರಣೆಗಳೂ ಇದ್ದವು. ಅದನ್ನು ಸಾರಿನ ಜೊತೆ ನುಂಗಿದೆ.

"ನನಗೆ ಗೊತ್ತಿಲ್ಲ ಮಾರಾಯ್ರೆ" ಎಂದೆ.

ಅವನ ಮುಖ ಅರಳಿತು. ಹಾಗಾದರೆ ನೀವೂ ಒಮ್ಮೆ ಗುತ್ತಿಗಾರಿಗೆ ಬನ್ನಿ, ಇಬ್ಬರಿಗೂ ಒಟ್ಟಿಗೇ ತೋರಿಸಿಕೊಡಲಿಕ್ಕೆ ಹೇಳುತ್ತೇನೆ ಎಂದ. ಪಾಯಸದವರು ಬಂದರು. ಅವನು ತಾನೇ ಅವರನ್ನು ನಿಲ್ಲಿಸಿ ನನ್ನ ಎಲೆಗೆ ಎರಡು ಸೌಟು ಹಾಕಿಸಿ ಎದ್ದು ಹೋದ.